‘ಪೋಷಕರ ನಿಯಂತ್ರಣ’ ಅಂದ್ರೆ ಯಾರು ಯಾರನ್ನ? ಪೇರೆಂಟಲ್ ಕಂಟ್ರೋಲ್‌ಗೆ ಪದ ಬೇಕು

ಎಲ್ರಿಗೂ ನಮಸ್ಕಾರ,

ಮಗನ ಸ್ಕೂಲಲ್ಲಿ ಮುಂದಿನ ವಾರ ಮೀಟಿಂಗ್ ಇದೆ, ಮಕ್ಕಳ ಫೋನಿನ ಪೇರೆಂಟಲ್ ಕಂಟ್ರೋಲ್ (ಮಕ್ಕಳ ಫೋನ್ ಬಳಕೆಗೆ ಅಪ್ಪ ಅಮ್ಮ ಮಿತಿ ಹಾಕೋ, ಕಣ್ಣಿಡೋ ಸೌಲಭ್ಯ) ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರ್ಕೊಡಿ ಅಂತ ನನ್ನ ತಲೆಗೆ ಕಟ್ಟಿದಾರೆ. ಹೂಂ ಅಂದ್ಬಿಟ್ಟೆ, ಈಗ ತಲೆಬರಹದಲ್ಲೇ ಸಿಕ್ಕಾಕ್ಕೊಂಡಿದೀನಿ.

ಎಲ್ಲ ಕಡೆ ಓಡ್ತಿರೋದು ‘ಪೋಷಕರ ನಿಯಂತ್ರಣ’. ಅದನ್ನೇ ಬರೆದು ನಮ್ಮತ್ತೆಗೆ ತೋರಿಸಿದೆ. ಅವರು ಧಾರವಾಡದವರು, ಕನ್ನಡಕ ಏರಿಸ್ಕೊಂಡು ಓದಿ, "ಯಾಕವಾ, ಪಾಲಕರು ಏನ್ ತಪ್ಪು ಮಾಡ್ಯಾರಂತ ಅವರನ್ನ ನಿಯಂತ್ರಣ ಮಾಡ್ತೀರಿ?" ಅಂದ್ರು. ನಕ್ಕೆ, ಆಮೇಲೆ ನೋಡಿದ್ರೆ ಪಾಯಿಂಟ್ ಸರಿಯಾಗೇ ಇದೆ. ಸೊಳ್ಳೆ ನಿಯಂತ್ರಣ, ಮಾಲಿನ್ಯ ನಿಯಂತ್ರಣ, ಜನಸಂಖ್ಯಾ ನಿಯಂತ್ರಣ, ಎಲ್ಲದರಲ್ಲೂ ಮೊದಲು ಬರೋದು ಹಿಡಿತಕ್ಕೆ ಸಿಗಬೇಕಾದ್ದು, ಹಿಡಿಯೋರಲ್ಲ. ‘ಸರ್ಕಾರದ ನಿಯಂತ್ರಣ’ ಅಂದಾಗ ಮಾತ್ರ ತಿರುಗುತ್ತೆ. ಇನ್ನು ಕೆಲವರು ‘ಪೋಷಕ ನಿಯಂತ್ರಣ’ ಅಂತ ‘ರ’ ಬಿಟ್ಟು ಬರೀತಾರಲ್ಲ, ಅದಂತೂ ಪೋಷಕ ನಟರ ಸಂಘಕ್ಕೆ ಸಂಬಂಧಪಟ್ಟ ಹಾಗೆ ಕೇಳ್ಸುತ್ತೆ ನನಗೆ. ಅತ್ತೆ ಬಾಯಲ್ಲಿ ಬಂದಿದ್ದು ‘ಪಾಲಕರು’ ಅನ್ನೋದನ್ನೂ ಗಮನಿಸಿ, ನಮ್ಮ ಮೈಸೂರು ಕಡೆ ಪೋಷಕರ ಸಭೆ, ಅವರ ಕಡೆ ಪಾಲಕರ ಸಭೆ.

ನಿಯಂತ್ರಣ ಅನ್ನೋ ಒಂದೇ ಪದದಲ್ಲಿ ಎಷ್ಟು ಕೆಲಸ ತುರುಕಿದೀವಿ ಅಂತ ಗೊತ್ತಾಗಿದ್ದು ಫೋನ್ ಕೈಗೆ ತಗೊಂಡಾಗ. ನಂದು ಆಂಡ್ರಾಯ್ಡ್, ಮಗನದು ಅವರ ಮಾವ ಕೊಟ್ಟ ಹಳೇ ಐಫೋನ್. ಗೂಗಲ್‌ನ ಫ್ಯಾಮಿಲಿ ಲಿಂಕ್ ಅನ್ನೋ ಆ್ಯಪ್ ಆದ್ರೆ ಅಮ್ಮನ ಹತ್ರ ಐಫೋನ್ ಇದ್ರೂ ಮಗನ ಆಂಡ್ರಾಯ್ಡ್ ನೋಡ್ಕೋಬಹುದು. ಉಲ್ಟಾ ನಡಿಯಲ್ಲ, ಆಪಲ್‌ನ ಸ್ಕ್ರೀನ್ ಟೈಮನ್ನ (ಐಫೋನಲ್ಲಿ ಇದೇ ಕೆಲಸ ಮಾಡೋ ಸೆಟ್ಟಿಂಗ್) ನನ್ನ ಆಂಡ್ರಾಯ್ಡಿಂದ ದೂರದಲ್ಲಿ ಕೂತು ನಡೆಸೋಕೆ ಬರಲ್ಲ. ಹಾಗಾಗಿ ಅವನ ಫೋನನ್ನೇ ಇಸ್ಕೊಂಡು, ಅದರಲ್ಲೇ ಮಿತಿಗಳನ್ನ ಹಾಕಿ, ಅವನಿಗೆ ಗೊತ್ತಾಗದ ಹಾಗೆ ನಾಲ್ಕು ಅಂಕೆ ಪಾಸ್‌ಕೋಡ್ ಒತ್ತಬೇಕು. ಒತ್ತೋವಾಗ ಅವನು ದೊಡ್ಡ ಮನುಷ್ಯನ ಹಾಗೆ ಗೋಡೆ ಕಡೆ ತಿರುಗಿ ನಿಂತ, ಗೋಡೆ ಕಡೆ ಇದ್ದಿದ್ದು ಬೀರು ಕನ್ನಡಿ. ಎರಡನೇ ಸಲ ಅಡುಗೆಮನೇಲಿ ಹೋಗಿ ಹಾಕ್ದೆ.

ಆಗ ಹೊಳೆದಿದ್ದು ‘ಅಂಕೆ’. ನಾಲ್ಕಂಕೆ ಹಾಕಿ ಅಂಕೇಲಿಡೋದು! ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು ಅಂತೀವಲ್ಲ, ಅದೇ ಅಂಕೆ. ಎಣಿಸೋ ಅಂಕೆಗೂ ಈ ಅಂಕೆಗೂ ಮೂಲ ಒಂದೇನಾ, ತಿಳಿದೋರು ಹೇಳಿ. ‘ಹೆತ್ತವರ ಅಂಕೆ’ ಅಂದ್ರೆ ಚಿಕ್ಕದು, ಚೊಕ್ಕದು, ಆದ್ರೆ ಹದಿನೈದು ವರ್ಷದ ಹುಡುಗನ್ನ ಕಪಿ ಮಾಡಿದ ಹಾಗೆ ಆಗುತ್ತೇನೋ ಅಂತ ಒಂದು ಅಳುಕು.

‘ಹದ್ದುಬಸ್ತು’ ನನ್ನ ತಂದೆ ಸೂಚಿಸಿದ್ದು. ಹದ್ದು ಅಂದ್ರೆ ಎಲ್ಲೆ, ಸರ್ವೇಯವರು ಜಮೀನಿಗೆ ಹದ್ದುಬಸ್ತು ಮಾಡ್ತಾರಲ್ಲ ಆ ಪದವೇ. ದಿನಕ್ಕೆ ಒಂದು ಗಂಟೆ ಗೇಮ್ ಅಂತ ಗೆರೆ ಎಳೆಯೋದಕ್ಕೆ ಇದು ನಿಜಕ್ಕೂ ಚೆನ್ನಾಗಿದೆ, ಆದ್ರೆ ಹೊಸ ಆ್ಯಪ್‌ಗೆ ಅಮ್ಮನ್ನ ಕೇಳು ಅನ್ನೋದು ಹದ್ದಲ್ಲ, ಅದು ಅಪ್ಪಣೆ. ಅವನು ಎಲ್ಲಿದಾನೆ ಅಂತ ಮ್ಯಾಪಲ್ಲಿ ನೋಡೋದು ಎರಡೂ ಅಲ್ಲ, ನಿಗಾ. ಫ್ಯಾಮಿಲಿ ಲಿಂಕ್‌ನವರು ಬಳಸೋ ಸೂಪರ್‌ವಿಷನ್‌ಗೆ ‘ಉಸ್ತುವಾರಿ’ ಹೊಂದುತ್ತೆ ಅನ್ಸುತ್ತೆ, ಆದ್ರೆ ಜಿಲ್ಲಾ ಉಸ್ತುವಾರಿ ಸಚಿವರು ಧ್ವಜ ಹಾರ್ಸೋಕೆ ಬಂದುಹೋಗೋ ಚಿತ್ರ ಕಣ್ಮುಂದೆ ಬರುತ್ತೆ, ನನ್ನ ಉಸ್ತುವಾರಿನೂ ಹೆಚ್ಚುಕಮ್ಮಿ ಹಾಗೇ ಇದೆ ಬಿಡಿ.

ಡೌನ್‌ಟೈಮ್‌ಗೆ (ಗೊತ್ತು ಮಾಡಿದ ಹೊತ್ತಲ್ಲಿ ಆ್ಯಪ್‌ಗಳು ತೆರೆಯದ ಹಾಗೆ ಮಾಡೋದು) ಯಾರೋ ‘ಬಿಡುವಿನ ಸಮಯ’ ಅಂದ್ರು. ದಯವಿಟ್ಟು ಬೇಡ. ರಾತ್ರಿ ಹತ್ತರಿಂದ ಬಿಡುವಿನ ಸಮಯ ಅಂತ ಬರೆದ್ರೆ ಮಕ್ಕಳು ಆಗ ತಾನೇ ಫೋನ್ ತೆಗೀತಾರೆ! ‘ಫೋನ್ ಮಲಗೋ ಹೊತ್ತು’ ಅಂತ ಹಾಕ್ಲಾ?

ಇನ್ನೊಂದು, ಚೈಲ್ಡ್ ಅಕೌಂಟ್, ಅಂದ್ರೆ ಫೋನಲ್ಲಿ ಮಕ್ಕಳ ಹೆಸರಲ್ಲಿ ತೆಗೆಯೋ ಖಾತೆ. ‘ಮಗುವಿನ ಖಾತೆ’ ಅಂದಿದ್ದಕ್ಕೆ ಮೀಸೆ ಚಿಗುರ್ತಿರೋ ಮಗ ಸಿಟ್ಟಾದ. ಕಾನೂನಿನ ಪ್ರಕಾರ ನೀನು ಮಗುನೇ ಕಣೋ, 2023ರ ಡೇಟಾ ರಕ್ಷಣೆ ಕಾಯ್ದೆಲಿ 18 ತುಂಬೋವರೆಗೂ ಮಗು ಅಂತ ಇದೆ ಅಂದೆ, ಒಪ್ಪಲಿಲ್ಲ. ‘ಮಕ್ಕಳ ಖಾತೆ’ ಅಂದ್ರೆ ಸುಮ್ಮನಾದ. ಬಹುವಚನಕ್ಕೆ ಹೋದ ತಕ್ಷಣ ವಯಸ್ಸು ಹೇಗೆ ಮಾಯ ಆಗುತ್ತೆ ನೋಡಿ, ಐವತ್ತಾದ್ರೂ ನಾವು ಅಪ್ಪ ಅಮ್ಮನ ‘ಮಕ್ಕಳು’, ‘ಮಗು’ ಅಲ್ಲ.

ಸದ್ಯಕ್ಕೆ ತಲೆಬರಹಕ್ಕೆ ‘ಮಕ್ಕಳ ಫೋನ್ ಉಸ್ತುವಾರಿ’ ಅಂತ ಬರ್ಕೊಂಡಿದೀನಿ, ಒಳಗೆ ಮಿತಿ, ಅಪ್ಪಣೆ, ನಿಗಾ ಅಂತ ಬೇರೆ ಬೇರೆ. ಒಂದೇ ಪದದಲ್ಲಿ ಇದಕ್ಕಿಂತ ಒಳ್ಳೇದು ನಿಮ್ಮ ಕಡೆ ಆಡುಮಾತಲ್ಲಿ ಇದ್ರೆ, ಮಂಗಳೂರು, ಕಲಬುರಗಿ ಎಲ್ಲಿಯದಾದ್ರೂ ಸರಿ, ಶುಕ್ರವಾರದೊಳಗೆ ಹೇಳಿ. ಶನಿವಾರ ಜೆರಾಕ್ಸಿಗೆ ಕೊಡ್ಬೇಕು.