ದೊಡ್ಡಮ್ಮನ ವಿಷಯ, ಸ್ವಲ್ಪ ಉದ್ದವಿದೆ, ಪೂರ್ತಿ ಕೇಳಿ

ಚಿಕ್ಕಪ್ಪ, ದೊಡ್ಡಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಮೂರನೇ ಸ್ಟೇಜ್ ಅಂದ ಮೇಲೆ ಇನ್ನೆಷ್ಟು ದಿನ ಅಂತ ನಿನ್ನೆ ಗ್ರೂಪ್‌ನಲ್ಲಿ ಕೇಳಿದ್ದಿರಿ. ದೊಡ್ಡಮ್ಮನೂ ಇದೇ ಗ್ರೂಪ್‌ನಲ್ಲಿದ್ದಾರೆ ಅಲ್ವಾ, ಅದಕ್ಕೆ ಅವರಿಗೂ ಕೇಳಲಿ ಅಂತಲೇ ಹೇಳುತ್ತೇನೆ.

ಮೂರನೇ ಸ್ಟೇಜ್ ಅಂದರೆ ಕಾಯಿಲೆ ಹೊಟ್ಟೆಯ ಒಳಪೊರೆಗೂ ಹರಡಿದೆ ಅಂತ. ಹೊಟ್ಟೆ ಉಬ್ಬಿದ್ದು ನೀರು ತುಂಬಿ. ನಾವೆಲ್ಲ ಗ್ಯಾಸ್ ಅಂದುಕೊಂಡೆವು. ಹೆಚ್ಚಿನವರಿಗೆ ಹೀಗೇ ತಡವಾಗಿ ಗೊತ್ತಾಗುತ್ತದೆ, ಯಾರನ್ನೂ ಬೈಯಬೇಡಿ.

ಲೆಕ್ಕ ಮುಚ್ಚಿಡುವುದಿಲ್ಲ. ದೂರ ಹರಡಿದ ಮೇಲೆ ಗೊತ್ತಾದವರಲ್ಲಿ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 30 ಅಂತ ಅಮೆರಿಕದ ಅಂಕಿ ಹೇಳುತ್ತದೆ. ವಾಸಿಯಾದ ಮೇಲೂ ತುಂಬ ಜನರಿಗೆ ಮತ್ತೆ ಬರುತ್ತದೆ. ಆದರೆ ಅದು ಹಿಂದೆ ಚಿಕಿತ್ಸೆ ಪಡೆದವರ ಲೆಕ್ಕ, ಎಲ್ಲ ವಯಸ್ಸಿನವರನ್ನೂ ಒಟ್ಟು ಹಾಕಿದ್ದು. ದೊಡ್ಡಮ್ಮನ ಲೆಕ್ಕ ಬೇರೆ ಎರಡು ವಿಷಯದ ಮೇಲೆ ನಿಂತಿದೆ.

ಒಂದು, ಆಪರೇಷನ್‌ನಲ್ಲಿ ಕಣ್ಣಿಗೆ ಕಾಣುವ ಗಡ್ಡೆ ಒಂದೂ ಉಳಿಯದ ಹಾಗೆ ತೆಗೆಯಲು ಆಗುತ್ತದಾ. ಅದಕ್ಕೇ ಮೊದಲು ಮೂರು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸುವುದು. ಆಪರೇಷನ್ ಮುಂದೂಡಿದರು ಅಂದರೆ ಕೈಬಿಟ್ಟರು ಅಂತ ಅಲ್ಲ.

ಇನ್ನೊಂದು, ಬಿಆರ್‌ಸಿಎ ಜೀನ್ ಟೆಸ್ಟ್, ಅಂದರೆ ಈ ಕ್ಯಾನ್ಸರ್‌ಗೆ ದಾರಿ ಮಾಡುವ, ವಂಶದಲ್ಲಿ ಬರುವ ಜೀನ್ ದೋಷ ಇದೆಯಾ ಅಂತ ನೋಡುವುದು. ಭಾವ, ಇದನ್ನು ಕೇಳದೆ ಬರಬೇಡಿ. ಅದರಲ್ಲಿ ದೋಷ ಸಿಕ್ಕಿದರೆ, ಕೀಮೋಗೆ ಕಾಯಿಲೆ ಬಗ್ಗಿದ ಮೇಲೆ ಒಲಪಾರಿಬ್ ಅನ್ನುವ ಮಾತ್ರೆ ಎರಡು ವರ್ಷ ಕೊಡಬಹುದು. ಅಂಥವರಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಏಳು ವರ್ಷದ ನಂತರ ಮಾತ್ರೆ ಪಡೆದವರಲ್ಲಿ ನೂರಕ್ಕೆ 67 ಜನ ಬದುಕಿದ್ದರು, ಪಡೆಯದವರಲ್ಲಿ 47. ದೋಷ ಇದ್ದರೆ ಮಕ್ಕಳಿಗೂ ಅರ್ಧಕ್ಕರ್ಧ ಸಾಧ್ಯತೆ. ಗಂಡು ಮಕ್ಕಳಿಗೂ, ಅಣ್ಣ, ನೀನೂ ಟೆಸ್ಟ್ ಮಾಡಿಸಬೇಕಾಗುತ್ತದೆ.

ಈಗ ಮನೆಯ ಮಾತು. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ಇಳಿಯುತ್ತದೆ. 100.4 ಡಿಗ್ರಿ ಜ್ವರ ಬಂದರೆ ಡೋಲೋ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಮಡಿಕೇರಿಗೆ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ನಮ್ಮ ರಸ್ತೆಗೆ ಯಾವಾಗ ಮರ ಬೀಳುತ್ತದೋ ಹೇಳೋಕಾಗಲ್ಲ. ಕೀಮೋ ವಾರ ಜೀಪಿಗೆ ಡೀಸೆಲ್ ತುಂಬಿಸಿಡಿ. ನೆಗಡಿ ಇದ್ದವರು ನೋಡಲು ಹೋಗಬೇಡಿ. ಅತ್ತೆ ಹೇಳಿದ ಬೇರಿನ ಕಷಾಯ ಡಾಕ್ಟರಿಗೆ ತಿಳಿಸದೆ ಸುಮ್ನೆ ಕೊಡಬೇಡಿ.

ಅಕ್ಕ, ಬಯಾಪ್ಸಿ ರಿಪೋರ್ಟ್ ಫೋಟೋ ಗ್ರೂಪ್‌ಗೆ ಬೇಡ. ನನಗೆ ಮಾತ್ರ ಕಳಿಸು.