ಮಳೆಗಾಲಕ್ಕೆ ತೋಟದ ಮನೆಗೆ ಯಾವ ಹೊಸ ಸಾಧನ ತಗೊಳ್ಳಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ನಾಪೋಕ್ಲು ಕಡೆ:

ಕೊಡಗಿನಲ್ಲಿ ತೋಟದ ಮಧ್ಯೆ ಹಳೆಯ ಹೆಂಚಿನ ಮನೆ, ಅಪ್ಪ ಅಮ್ಮ ಇಬ್ಬರೇ ಇರುವುದು. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವುದು ಮಾಮೂಲು. ಮನೆಯೊಳಗೆ ರೇಂಜ್ ಒಂದೇ ಕಡ್ಡಿ. ಫೈಬರ್ ಇಂಟರ್ನೆಟ್ ಇದೆ. 50,000 ರೂಪಾಯಿ ತೆಗೆದಿಟ್ಟಿದ್ದೇವೆ. ಎತ್ತಿಕೊಂಡು ಹೋಗುವ ಲಿಥಿಯಂ ಬ್ಯಾಟರಿ ಪೆಟ್ಟಿಗೆ (ಪವರ್ ಸ್ಟೇಷನ್), 5ಜಿ ವೈಫೈ ಡಬ್ಬಿ, ಸ್ಯಾಟಲೈಟ್ ಸೌಲಭ್ಯದ ಫೋನ್, ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಎಲ್ಲ ನೋಡಿ ತಲೆ ಕೆಟ್ಟಿದೆ. ಫೋನ್ ನಿಲ್ಲಬಾರದು, ಕ್ಯಾಮೆರಾ ಲ್ಯಾಪ್‌ಟಾಪ್‌ಗೆ ಬೂಷ್ಟು ಹಿಡಿಯಬಾರದು. ಯಾವುದು ಮೊದಲು, ಯಾವುದು ಬೇಡವೇ ಬೇಡ?

ಗೋಣಿಕೊಪ್ಪದಿಂದ, ವೈರಿಂಗ್ ಮತ್ತು ಇನ್ವರ್ಟರ್ ಕೆಲಸ:

ಬ್ಯಾಟರಿ ನೋಡುವುದಕ್ಕೆ ಮೊದಲು ಮೀಟರ್ ಬೋರ್ಡ್ ನೋಡಿ. ನಮ್ಮ ಕಡೆ ವಸ್ತುಗಳು ಸುಡುವುದು ಎರಡು ಕಾರಣಕ್ಕೆ. ಒಂದು, ಏಪ್ರಿಲ್ ಮೇ ತಿಂಗಳ ಸಿಡಿಲು. ಇನ್ನೊಂದು, ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ಕಡಿದು ಹೋಗುವುದು. ನ್ಯೂಟ್ರಲ್ ಕಡಿದರೆ ಮನೆಗೆ 230 ವೋಲ್ಟ್ ಬದಲು 400ರ ಹತ್ತಿರ ಬರಬಹುದು. ಆಗ ಸ್ಪೈಕ್ ಗಾರ್ಡ್ ಒಳಗಿರುವ ವೇರಿಸ್ಟರೇ ಮೊದಲು ಸುಡುತ್ತದೆ. ಅದು ಕ್ಷಣಮಾತ್ರದ ಏರಿಕೆಗೆ ಇರುವುದು, ನಿಮಿಷಗಟ್ಟಲೆ ನಿಲ್ಲುವ ವೋಲ್ಟೇಜಿಗೆ ಅಲ್ಲ.

ಹಾಗಾಗಿ ಎರಡೂ ಬೇಕು. ಸಿಡಿಲಿಗೆ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್, 320 ವೋಲ್ಟಿನದು. ಅದರಿಂದ ಅರ್ತಿಂಗ್ ಪಟ್ಟಿಗೆ ಹೋಗುವ ವೈರ್ ದಪ್ಪ ಇರಲಿ, ಅರ್ಧ ಮೀಟರ್ ಮೀರದಿರಲಿ. ಸುತ್ತಿ ಸುತ್ತಿ ತಂದರೆ ಅದು ಇದ್ದೂ ಇಲ್ಲದ ಹಾಗೆ. ಅದರ ಕಿಟಕಿ ಹಸಿರಿನಿಂದ ಕೆಂಪಾದರೆ ಬದಲಾಯಿಸಬೇಕು. ಜೊತೆಗೆ ನ್ಯೂಟ್ರಲ್ ಕಡಿದಾಗಿನ ವೋಲ್ಟೇಜಿಗೆ ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಮೇಲಿನ ಮಿತಿ 270, ಕೆಳಗಿನದು 170, ವಾಪಸ್ ಬರಲು 180 ಸೆಕೆಂಡ್ ಇಡಿ. ಲೈನ್ ಸರಿಮಾಡಿ ಕರೆಂಟ್ ಕೊಟ್ಟಾಗ ಮೊದಲ ಎರಡು ನಿಮಿಷ ವೋಲ್ಟೇಜ್ ಕುಣಿಯುತ್ತದೆ, ಅದು ಮುಗಿದ ಮೇಲೆ ಮನೆಗೆ ಬರಲಿ.

ಅರ್ತಿಂಗ್ ಇಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಹಾಕಿ ಪ್ರಯೋಜನ ಇಲ್ಲ. ಮಲ್ಟಿಮೀಟರಿನಲ್ಲಿ ಫೇಸ್‌ನಿಂದ ನ್ಯೂಟ್ರಲ್, ಫೇಸ್‌ನಿಂದ ಅರ್ತ್ ಎರಡೂ ಅಳೆಯಿರಿ. ಹೆಚ್ಚು ಕಮ್ಮಿ ಒಂದೇ ಬರಬೇಕು. ನ್ಯೂಟ್ರಲ್–ಅರ್ತ್ ನಡುವೆ ಐದು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿಂಗ್ ಗುಂಡಿ, ಜಾಯಿಂಟ್ ಎರಡನ್ನೂ ನೋಡಿಸಿ. ನಮ್ಮ ಮಣ್ಣು ಮಳೆಯಲ್ಲಿ ಒದ್ದೆ ಇರುವುದರಿಂದ ಜುಲೈನಲ್ಲಿ ಸರಿ ಬರುತ್ತದೆ. ಸಿಡಿಲಿನ ಕಾಲ ಮಣ್ಣು ಒಣಗಿರುವಾಗ, ಆಗಲೇ ಪರೀಕ್ಷೆ ಮಾಡಬೇಕು.

ಇನ್ನು ಬ್ಯಾಟರಿ ಲೆಕ್ಕ. ಫೈಬರ್ ಡಬ್ಬಿ ಮತ್ತು ವೈಫೈ ಸೇರಿ 10 ವಾಟ್ ಎಂದಿಟ್ಟುಕೊಂಡರೆ ದಿನಕ್ಕೆ 240 ವಾಟ್ ಅವರ್. 9 ವಾಟಿನ ನಾಲ್ಕು ಬಲ್ಬ್ ಐದು ಗಂಟೆಗೆ 180. ಎರಡು ಫೋನ್ ಚಾರ್ಜಿಗೆ 40. ಒಟ್ಟು 460. ಮಳೆಗಾಲದಲ್ಲಿ ಫ್ಯಾನ್ ಲೆಕ್ಕಕ್ಕಿಲ್ಲ. 12.8 ವೋಲ್ಟ್ 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವಾಟ್ ಅವರ್ ಇದೆ, ಕೈಗೆ ಸಿಗುವುದು ಸುಮಾರು 1,100. ಎರಡು ದಿನ ದಾಟಬೇಕಲ್ಲ? ದಾಟುವುದಿಲ್ಲ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ ತಾನೇ 10ರಿಂದ 20 ವಾಟ್ ತಿನ್ನುತ್ತದೆ. 15 ಎಂದರೂ ದಿನಕ್ಕೆ 360. ಹತ್ತು ವಾಟಿನ ಡಬ್ಬಿಗೋಸ್ಕರ ಹದಿನೈದು ವಾಟಿನ ಯಂತ್ರವನ್ನು ಹಗಲೂ ರಾತ್ರಿ ಓಡಿಸಿದ ಹಾಗಾಯಿತು. ಒಂದೂಕಾಲು ದಿನಕ್ಕೆ ಖಾಲಿ.

ಇದಕ್ಕೆ ದಾರಿ ಸರಳ. ಫೈಬರ್ ಡಬ್ಬಿಯನ್ನು ಬ್ಯಾಟರಿಯಿಂದ ನೇರ 12 ವೋಲ್ಟ್ ಡಿಸಿಯಲ್ಲಿ ಓಡಿಸಿ, ಇನ್ವರ್ಟರನ್ನು ಸಂಜೆ ಐದು ಗಂಟೆ ಮಾತ್ರ ಹಾಕಿ. ಬ್ಯಾಟರಿಯ ವೋಲ್ಟೇಜ್ 10ರಿಂದ 14.6ರವರೆಗೆ ಏರಿಳಿಯುವುದರಿಂದ ನಡುವೆ 12 ವೋಲ್ಟ್ ಸ್ಥಿರವಾಗಿ ಕೊಡುವ ಬಕ್–ಬೂಸ್ಟ್ ಕನ್ವರ್ಟರ್ ಬೇಕು, 3 ಆಂಪಿಯರಿನದು. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ 5 ಆಂಪಿಯರ್ ಫ್ಯೂಸ್ ಹಾಕಿ, ಇದನ್ನು ಬಿಡಬೇಡಿ. ಪಿನ್ ತಗೊಳ್ಳುವಾಗ 5.5–2.1 ಮಿಲಿಮೀಟರಿನದೋ 5.5–2.5ರದೋ ನೋಡಿ. ಎರಡೂ ಕಣ್ಣಿಗೆ ಒಂದೇ. 2.5ರ ಪಿನ್ನನ್ನು 2.1ರ ಸಾಕೆಟ್ಟಿಗೆ ಹಾಕಿದರೆ ಸಡಿಲವಾಗಿ ಡಬ್ಬಿ ಆಗಾಗ ರೀಸ್ಟಾರ್ಟ್ ಆಗುತ್ತದೆ, ಜನ ಇಂಟರ್ನೆಟ್ಟಿನ ದೋಷ ಅಂದುಕೊಳ್ಳುತ್ತಾರೆ.

ಪವರ್ ಸ್ಟೇಷನ್ ಒಳಗಿರುವುದೂ ಹೆಚ್ಚಾಗಿ ಇದೇ ಜಾತಿಯ ಸೆಲ್. ಎತ್ತಿಕೊಂಡು ಹೋಗಲು ಸುಲಭ, ನಿಜ. ಆದರೆ ಅಷ್ಟೇ ಶಕ್ತಿಗೆ ಬಿಡಿ ಬ್ಯಾಟರಿಗಿಂತ ತುಂಬಾ ದುಬಾರಿ, ಒಂದು ಬೋರ್ಡ್ ಕೆಟ್ಟರೆ ಇಡೀ ಪೆಟ್ಟಿಗೆ ಘಟ್ಟ ಇಳಿದು ಸರ್ವಿಸ್ ಸೆಂಟರಿಗೆ ಹೋಗಬೇಕು. ಜುಲೈ ತಿಂಗಳಲ್ಲಿ ಅದು ವಾಪಸ್ ಬರುವ ಹೊತ್ತಿಗೆ ಮಳೆ ಮುಗಿದಿರುತ್ತದೆ. ಮನೆಯಲ್ಲೇ ಇಡುವುದಕ್ಕೆ ನನ್ನ ಮತ ಇಲ್ಲ. ಸೋಲಾರ್ ಪ್ಯಾನಲ್ ಸೇರಿಸಿ ಲೆಕ್ಕ ಹಾಕುವವರಿಗೂ ಒಂದು ಮಾತು: ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮೋಡದಲ್ಲಿ, ಅದೂ ಸಿಲ್ವರ್ ಓಕ್ ನೆರಳಿನಲ್ಲಿ, ಪ್ಯಾನಲ್ಲನ್ನು ನಂಬಿ ಕೂರಬೇಡಿ.

ಸೋಮವಾರಪೇಟೆಯಿಂದ, ಮೇಲಿನವರಿಗೆ:

ಅಣ್ಣ, ನೇರ ಡಿಸಿ ಎಳೆಯುವುದು ಸರಿ. ಆದರೆ ಒಂದು ಸೇರಿಸಬೇಕು. ಬ್ಯಾಟರಿ ಇಳಿದಾಗ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ, ಕನ್ವರ್ಟರ್ ನಿಲ್ಲುವುದಿಲ್ಲ, ಕೊನೆ ಹನಿಯವರೆಗೂ ಎಳೆಯುತ್ತದೆ. ಲಿಥಿಯಂ ಆದರೆ ಒಳಗಿನ ಬಿಎಂಎಸ್ ಎಂಬ ರಕ್ಷಣಾ ಬೋರ್ಡ್ ತಡೆಯುತ್ತದೆ. ಆಸಿಡ್ ಬ್ಯಾಟರಿಗೆ ತಡೆಯುವವರು ಯಾರೂ ಇಲ್ಲ. ನಡುವೆ ಲೋ ವೋಲ್ಟೇಜ್ ಡಿಸ್ಕನೆಕ್ಟ್ ಎಂಬ ಚಿಕ್ಕ ಬೋರ್ಡ್ ಹಾಕಿ, ಆಸಿಡ್ ಬ್ಯಾಟರಿಗೆ 11.8ಕ್ಕೆ ಸೆಟ್ ಮಾಡಿ.

ಮತ್ತೆ ರೂಟರಿಗೆಂದೇ ಮಾರುವ ಮಿನಿ ಯುಪಿಎಸ್ ಬಗ್ಗೆ. 10,400 ಎಂಎಎಚ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು 3.7 ವೋಲ್ಟಿನ ಲೆಕ್ಕ, ಅಂದರೆ 38 ವಾಟ್ ಅವರ್. 12 ವೋಲ್ಟಿಗೆ ಏರಿಸುವಾಗ ಕಳೆಯುವುದು ಕಳೆದು 10 ವಾಟಿನ ಡಬ್ಬಿಗೆ ಮೂರು ಗಂಟೆ ಬಂದರೆ ಹೆಚ್ಚು. ಪೇಟೆಯ ಮನೆಗೆ ಸಾಕು, ನಾಪೋಕ್ಲಿನ ಒಳಗಿನ ತೋಟಕ್ಕೆ ಅಲ್ಲ.

ಮಡಿಕೇರಿಯಿಂದ, ಫೈಬರ್ ಮತ್ತು ನೆಟ್‌ವರ್ಕ್ ಕೆಲಸ:

ನಿಮ್ಮಲ್ಲಿ ಫೈಬರ್ ಇದೆ ಅಂದಮೇಲೆ 5ಜಿ ಡಬ್ಬಿಗೆ ದುಡ್ಡು ಹಾಕಬೇಡಿ. ವೇಗದ 5ಜಿ ಹೆಚ್ಚಾಗಿ ಓಡುವುದು 3,500 ಮೆಗಾಹರ್ಟ್ಸ್ ಸುತ್ತ. ಆ ಅಲೆಗೆ ಒದ್ದೆ ಎಲೆಗಳೇ ಗೋಡೆ. ಬೇಸಿಗೆಯಲ್ಲಿ ತಂದು ನೋಡಿದಾಗ ಓಡುವುದು ಜುಲೈನಲ್ಲಿ ಬಿದ್ದು ಹೋಗುತ್ತದೆ. ಬೆಟ್ಟ ಮರ ದಾಟಿ ಬರುವುದು ಕೆಳಗಿನ ಬ್ಯಾಂಡ್‌ಗಳು: ಬಿಎಸ್ಎನ್‌ಎಲ್ 4ಜಿಯ 700, ಜಿಯೋದ 850, ಏರ್‌ಟೆಲ್‌ನ 900. ಹೊಸ ಫೋನ್ ತಗೊಳ್ಳುವುದಾದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ನೋಡುವ ಮೊದಲು ಬ್ಯಾಂಡ್ 28, 5, 8 (ಕ್ರಮವಾಗಿ ಆ 700, 850, 900) ಮೂರೂ ಇವೆಯಾ ನೋಡಿ. 28 ಇಲ್ಲದ ಫೋನಿಗೆ ಬಿಎಸ್ಎನ್‌ಎಲ್‌ನ 700 ಕಾಣುವುದೇ ಇಲ್ಲ.

ಕಡ್ಡಿ ಎಣಿಸಬೇಡಿ, ಸಿಗ್ನಲ್ ಬಲ ಹೇಳುವ ಡಿಬಿಎಂ ಅಂಕಿ ನೋಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಇರುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ತೆರೆಯುತ್ತದೆ. ಮೈನಸ್ 90 ಒಳ್ಳೆಯದು, ಮೈನಸ್ 105 ಎಳೆದಾಡುತ್ತದೆ, 115 ದಾಟಿದರೆ ಮಾತು ತುಂಡಾಗುತ್ತದೆ. ಜಗಲಿ, ಅಟ್ಟ, ಅಡುಗೆಮನೆ ಬೇರೆ ಬೇರೆ ಅಳೆಯಿರಿ. ಹತ್ತು ಡಿಬಿಎಂ ವ್ಯತ್ಯಾಸ ಒಂದೇ ಮನೆಯೊಳಗೆ ಬರುತ್ತದೆ.

ನಿಮ್ಮ ಸಮಸ್ಯೆಗೆ ನಿಜವಾದ ಮದ್ದು ವೈಫೈ ಕಾಲಿಂಗ್, ಅಂದರೆ ಟವರಿನ ಬದಲು ಮನೆಯ ವೈಫೈ ಮೂಲಕ ಕರೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ನಮ್ಮ ದೇಶದಲ್ಲಿ ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ಇಷ್ಟು ವರ್ಷವಾದರೂ ಎಷ್ಟೋ ತೋಟದ ಮನೆಗಳಲ್ಲಿ ಫೈಬರ್ ಇದ್ದೂ ಜನ ಅಂಗಳದ ಮೂಲೆಗೆ ಹೋಗಿ ಮಾತಾಡುತ್ತಿದ್ದಾರೆ ಎನ್ನುವುದು ಬೇಸರದ ವಿಷಯ. ಸಿಮ್ ಸೆಟ್ಟಿಂಗ್ಸ್ ಒಳಗೆ ಆನ್ ಮಾಡಿ. ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಒಂದು ಕರೆ ಮಾಡಿ, ಒಂದು ಕರೆ ತರಿಸಿಕೊಳ್ಳಿ. ಎರಡೂ ಬಂದರೆ ಸರಿಯಾಗಿದೆ. ಬರುತ್ತಿಲ್ಲ ಅಂದರೆ ರೂಟರಿನ ಫೈರ್‌ವಾಲ್‌ನಲ್ಲಿ ಯುಡಿಪಿ 500 ಮತ್ತು 4500 ಪೋರ್ಟ್ ತಡೆದಿದೆಯಾ ನೋಡಿಸಿ. ಮಾತಾಡುತ್ತಾ ಕಡಿದರೆ, ಫೋನ್ ಆ ಒಂದು ಕಡ್ಡಿಯನ್ನೇ ಹಿಡಿದು ನೇತಾಡುತ್ತಿದೆ ಎಂದರ್ಥ. ಕಾಲಿಂಗ್ ಪ್ರಿಫರೆನ್ಸ್ ಇದ್ದರೆ ವೈಫೈಗೆ ಇಡಿ. ಅಪ್ಪ ಅಮ್ಮ ಕೀಪ್ಯಾಡ್ ಫೋನ್ ಬಳಸುವವರಾದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಈ ಸೌಲಭ್ಯ ಇಲ್ಲ, ಇದು ಇರುವ ಫೋನಿಗೆ ದುಡ್ಡು ಖರ್ಚು ಮಾಡಿ. ವೈಫೈ ಮೇಲೆ 112ಕ್ಕೆ ಕರೆ ಮಾಡಿದರೆ ಜಾಗ ತಾನಾಗಿ ತಿಳಿಯುತ್ತದೆ ಅಂದುಕೊಳ್ಳಬೇಡಿ. ಊರು, ತೋಟ, ದಾರಿ ಬಾಯಲ್ಲೇ ಹೇಳಬೇಕು, ಅದನ್ನು ಬರೆದು ಫೋನಿನ ಹತ್ತಿರ ಅಂಟಿಸಿ.

ಫೈಬರ್ ಬಗ್ಗೆ ಎರಡು ಮಾತು. ಗಾಜಿನ ಎಳೆಗೆ ಸಿಡಿಲು ತಾಗುವುದಿಲ್ಲ, ಆದರೆ ಕಂಬದಿಂದ ಬರುವ ವೈರಿನ ಪಕ್ಕದಲ್ಲಿ ಎಳೆತ ತಡೆಯಲು ಉಕ್ಕಿನ ತಂತಿ ಇರುತ್ತದೆ. ಆ ತಂತಿ ಮನೆಯೊಳಗೆ ಬರಬಾರದು. ಹೊರಗೋಡೆಯ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಿ, ಗಾಜಿನ ಎಳೆ ಇರುವ ಭಾಗ ಮಾತ್ರ ಒಳಗೆ ಬರಲಿ. ಡಬ್ಬಿಯಲ್ಲಿ ಎಲ್‌ಒಎಸ್ ದೀಪ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ, ರೀಸ್ಟಾರ್ಟ್ ಮಾಡಿ ಲಾಭವಿಲ್ಲ. ರೂಟರ್ ಪುಟದಲ್ಲಿ ಆಪ್ಟಿಕಲ್ ರಿಸೀವ್ ಪವರ್ ಮೈನಸ್ 25ರೊಳಗೆ ಇರಲಿ. ಮೈನಸ್ 27 ದಾಟಿದ್ದರೆ ಈಗಲೇ ಹೇಳಿ ಸರಿಮಾಡಿಸಿ, ಮಳೆಯಲ್ಲಿ ಅದು ಮೊದಲು ಕೈಕೊಡುತ್ತದೆ. ನಿಮ್ಮ ಮನೆಯಲ್ಲಿ ಎಷ್ಟೇ ಬ್ಯಾಟರಿ ಇದ್ದರೂ ಫೈಬರ್ ಕಂಪನಿಯ ತುದಿಯ ಯಂತ್ರಕ್ಕೆ ಬ್ಯಾಕಪ್ ಎಷ್ಟು ಗಂಟೆ ಎಂದು ಕೇಳಿಟ್ಟುಕೊಳ್ಳಿ. ಅದಕ್ಕೇ ಎರಡನೇ ಸಿಮ್ ಬೇರೆ ಕಂಪನಿಯದು ಇರಬೇಕು.

ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಬೇಡ. ಖಾಸಗಿಯಾಗಿ ಹಾಕುವುದು ಕಾನೂನಿಗೆ ವಿರುದ್ಧ, ಸುತ್ತಲಿನವರ ನೆಟ್‌ವರ್ಕ್ ಕೂಡ ಕೆಡುತ್ತದೆ.

ಸ್ಯಾಟಲೈಟ್ ಫೋನ್ ಆಸೆಯನ್ನೂ ಬಿಡಿ. ಆಪಲ್ 2022ರಲ್ಲಿ ಐಫೋನ್ 14ರ ಜೊತೆ ಸ್ಯಾಟಲೈಟ್ ಎಸ್‌ಒಎಸ್ ತಂದಿತು. ಆದರೆ ಅದು ಕೆಲಸ ಮಾಡುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆಯೇ ಎಂದು ನೋಡದೆ ಅದಕ್ಕೋಸ್ಕರ ಫೋನ್ ತಗೊಳ್ಳಬೇಡಿ. ತುರಾಯಾ, ಇರಿಡಿಯಂ ಫೋನ್‌ಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ, ವಿದೇಶದ ನೆಂಟರು ತಂದುಕೊಟ್ಟರೂ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಇಲ್ಲಿ ಪರವಾನಗಿ ಸಿಕ್ಕಿದೆ. ಆದರೆ ಅದರ ತಟ್ಟೆಗೆ ಆಕಾಶ ಅಗಲವಾಗಿ ಕಾಣಬೇಕು. ನೆರಳು ಮರಗಳ ನಡುವಿನ ಮನೆಗೆ ಅದು ಕಷ್ಟ. 75 ವಾಟ್ ಎಳೆದರೂ ದಿನಕ್ಕೆ 1,800 ವಾಟ್ ಅವರ್ ಆಯಿತು, ಮೇಲೆ ಹೇಳಿದ ಬ್ಯಾಟರಿ ಒಂದು ದಿನವೂ ಬರುವುದಿಲ್ಲ.

ಕುಶಾಲನಗರದಿಂದ, ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ರಿಪೇರಿ:

ಮೊದಲು ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ತನ್ನಿ, ಮುನ್ನೂರು ನಾನೂರು ರೂಪಾಯಿ. ಲೆನ್ಸಿನ ಬೂಷ್ಟು ಬೆಳೆಯುವುದು ತೇವಾಂಶ 65–70 ದಾಟಿದ ಮೇಲೆ. ನಮ್ಮಲ್ಲಿ ಜುಲೈ ಪೂರ್ತಿ 90ರ ಆಸುಪಾಸು. 40–50ರಲ್ಲಿ ಇಟ್ಟರೆ ಸಾಕು. 30ಕ್ಕಿಂತ ಕೆಳಗೆ ಬೇಡ, ರಬ್ಬರ್ ಒಣಗುತ್ತದೆ.

ಹೆಂಚಿನ ಮನೆಯಲ್ಲಿ, ಮುಚ್ಚಿಗೆ ಇಲ್ಲದ ಕೋಣೆಗೆ ಡಿಹ್ಯುಮಿಡಿಫೈಯರ್ ಹಾಕಿದರೆ ಹೊರಗಿನ ಗಾಳಿಯನ್ನು ಒಣಗಿಸುತ್ತಾ ಕೂತಿರುತ್ತದೆ. ಮುಚ್ಚಿಗೆ ಇರುವ, ಕಿಟಕಿ ಬಿಗಿಯಾಗಿ ಕೂರುವ ಒಂದು ಕೋಣೆ ಇದ್ದರೆ ಮಾತ್ರ ಯೋಚಿಸಿ. ಅದರಲ್ಲೂ ಪೆಲ್ಟಿಯರ್ ಜಾತಿಯ ಚಿಕ್ಕದು ಬೇಡ, ದಿನಕ್ಕೆ ಅರ್ಧ ಲೀಟರ್ ನೀರು ತೆಗೆದರೆ ಹೆಚ್ಚು. ಕಂಪ್ರೆಸರ್ ಇರುವುದರ ಮೇಲೆ 12 ಲೀಟರ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 30 ಡಿಗ್ರಿ, 80 ತೇವಾಂಶದಲ್ಲಿ ಅಳೆದದ್ದು. ಮಡಿಕೇರಿ, ನಾಪೋಕ್ಲಿನ ಮಳೆಗಾಲದ 20 ಡಿಗ್ರಿಯಲ್ಲಿ ಅರ್ಧದಷ್ಟು ಸಿಗುತ್ತದೆ. ಬಟ್ಟೆ ಒಣಗಿಸಲು ನಿಜಕ್ಕೂ ಒಳ್ಳೆಯದು. ಆದರೆ 200 ವಾಟ್‌ಗಿಂತ ಹೆಚ್ಚು ಎಳೆಯುವ ಯಂತ್ರ, ಕರೆಂಟ್ ಹೋದಾಗ ಇದ್ದೂ ಇಲ್ಲ.

ಕ್ಯಾಮೆರಾಗೆ ರಬ್ಬರ್ ಅಂಚಿನ 30 ಲೀಟರ್ ಪ್ಲಾಸ್ಟಿಕ್ ಡಬ್ಬ ಮತ್ತು ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಸಾಕು. ಹೈಗ್ರೋಮೀಟರ್ ಒಳಗೇ ಇರಲಿ. ಬಣ್ಣ ಹಸಿರಾದರೆ ಓಟಿಜಿ ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟು, ಆರಿಸಿ, ವಾಪಸ್ ಹಾಕಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಯ ಓವನ್ನಿಗೆ ಅದನ್ನು ತರಬೇಡಿ. ಚರ್ಮದ ಕೇಸ್, ಬಟ್ಟೆಯ ಬ್ಯಾಗ್ ಡಬ್ಬದೊಳಗೆ ಇಡಬೇಡಿ, ಬೂಷ್ಟಿನ ಬೀಜ ಅಲ್ಲೇ ಇರುವುದು.

ಕಪಾಟಿಗೆ ಹಿಂದೆ 15 ವಾಟಿನ ಬಲ್ಬ್ ಹಾಕುತ್ತಿದ್ದರಲ್ಲ, ಅದರ ಹಿಂದಿನ ಲೆಕ್ಕ ಸರಿಯಾಗಿಯೇ ಇದೆ: 20 ಡಿಗ್ರಿ, 90 ತೇವಾಂಶದ ಗಾಳಿ 25 ಡಿಗ್ರಿಗೆ ಬಿಸಿಯಾದರೆ ತೇವಾಂಶ 66ರ ಹತ್ತಿರ ಇಳಿಯುತ್ತದೆ. ಈಗಿನ ಎಲ್‌ಇಡಿ ಬಲ್ಬಿಗೆ ಅಷ್ಟು ಬಿಸಿ ಇಲ್ಲ. ಲ್ಯಾಪ್‌ಟಾಪ್ ಇಡುವ ಕಪಾಟಿಗೆ 10–15 ವಾಟಿನ ಹೀಟರ್ ಕಡ್ಡಿ ಸಿಗುತ್ತದೆ, ಅದನ್ನು ಹಾಕಿ.

ಫೋನ್ ಚಾರ್ಜಿಂಗ್ ತೂತಿನಲ್ಲಿ ತೇವ ಇದೆ ಎಂದು ಎಚ್ಚರಿಕೆ ಬಂದರೆ ಅಕ್ಕಿ ಡಬ್ಬಕ್ಕೆ ಹಾಕಬೇಡಿ. ಕಣಗಳು ಒಳಗೆ ಸೇರುತ್ತವೆ, ಆಪಲ್ ಕೂಡ ಬೇಡ ಎಂದೇ ಹೇಳಿದೆ. ತೂತು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಇಡಿ. ತುರ್ತಿದ್ದರೆ ವೈರ್‌ಲೆಸ್ ಚಾರ್ಜರ್, ಅದೂ ಫೋನಿನ ಹಿಂಬದಿ ಒರೆಸಿದ ಮೇಲೆ. ಫೋನಿಗೆ ನೀರು ತಡೆಯುವ ಐಪಿ68 ಗುರುತು ಎಂದರೆ ಶುದ್ಧ ನೀರಿನ ಪರೀಕ್ಷೆ, ನೀರು ಹೋದರೆ ವಾರಂಟಿ ಬರುವುದಿಲ್ಲ.

ಕೇಳಿದವರು, ನಾಪೋಕ್ಲು ಕಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಹೇಳಲು ಬಿಟ್ಟುಹೋಗಿತ್ತು. ಮನೆಯಲ್ಲಿ ಈಗಾಗಲೇ ಎರಡು ವರ್ಷದ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ, ಇನ್ವರ್ಟರ್ ಇದೆ. ಅದರ ಜಾಗಕ್ಕೆ ಲಿಥಿಯಂ ಹಾಕಲೇ?

ಗೋಣಿಕೊಪ್ಪದಿಂದ, ವೈರಿಂಗ್ ಮತ್ತು ಇನ್ವರ್ಟರ್ ಕೆಲಸ:

ಈಗ ಬೇಡ. ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ಬಿಟ್ಟು, ಆರೂ ಸೆಲ್‌ಗಳನ್ನು ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ನೋಡಿ. 1.240ರ ಹತ್ತಿರ ಇದ್ದರೆ ಬ್ಯಾಟರಿ ಗಟ್ಟಿ. ಒಂದು ಸೆಲ್ ಮಾತ್ರ 1.200ಕ್ಕಿಂತ ಕೆಳಗಿದ್ದರೆ ಆಯುಸ್ಸು ಮುಗಿಯುತ್ತಾ ಬಂದಿದೆ. ಗಟ್ಟಿ ಇದ್ದರೆ ಅರ್ಧದಷ್ಟು ಬಳಸಿದರೂ 900 ವಾಟ್ ಅವರ್ ಸಿಗುತ್ತದೆ. ಫೈಬರ್ ಡಬ್ಬಿಯನ್ನು ಡಿಸಿಗೆ ಹಾಕಿದರೆ ಎರಡು ದಿನದ ಹತ್ತಿರ ಬರುತ್ತದೆ. ಸೋಮವಾರಪೇಟೆಯವರು ಹೇಳಿದ ಕಟ್‌ಆಫ್ ಬೋರ್ಡ್ ನಿಮಗೆ ಕಡ್ಡಾಯ. ಕರೆಂಟ್ ಬಂದ ಕೂಡಲೇ ಪೂರ್ತಿ ಚಾರ್ಜ್ ಆಗಲು ಬಿಡಿ, ಖಾಲಿ ಇಟ್ಟರೆ ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತದೆ.

ಮುಂದೆ ಲಿಥಿಯಂಗೆ ಹೋಗುವಾಗ ಬ್ಯಾಟರಿ ಮಾತ್ರ ಬದಲಾಯಿಸುವುದಲ್ಲ. ಇನ್ವರ್ಟರಿನಲ್ಲಿ ಲಿಥಿಯಂ ಮೋಡ್ ಇರಬೇಕು, ಚಾರ್ಜಿಂಗ್ 14.6 ಮೀರಬಾರದು, ಆಸಿಡ್ ಬ್ಯಾಟರಿಗೆ ಮಾಡುವ ಈಕ್ವಲೈಸೇಷನ್ ಎಂಬ ಹೆಚ್ಚು ವೋಲ್ಟೇಜಿನ ಚಾರ್ಜ್ ಆಫ್ ಆಗಬೇಕು. ಹಳೆಯ ಇನ್ವರ್ಟರ್ ವೋಲ್ಟೇಜ್ ನೋಡಿ ಶೇಕಡಾ ತೋರಿಸುತ್ತದೆ. ಲಿಥಿಯಂನ ವೋಲ್ಟೇಜ್ 13ರ ಸುತ್ತ ಕೊನೆಯವರೆಗೂ ಅಲುಗಾಡುವುದಿಲ್ಲ, ಹಾಗಾಗಿ ಆ ಅಂಕಿ ನಂಬಬೇಡಿ, ಬ್ಲೂಟೂತ್ ಬಿಎಂಎಸ್ ಇರುವುದನ್ನೇ ಕೇಳಿ. ಲಿಥಿಯಂನ ದೊಡ್ಡ ಲಾಭ ಇರುವುದು ಬೇಗ ತುಂಬುವುದರಲ್ಲಿ. ಕರೆಂಟ್ ಎರಡೇ ಗಂಟೆ ಬಂದು ಹೋದರೆ 10 ಆಂಪಿಯರ್ ಚಾರ್ಜರಿನಲ್ಲಿ 20 ಆಂಪಿಯರ್ ಅವರ್ ತುಂಬುತ್ತದೆ, 40ರ ಚಾರ್ಜರ್ ಇದ್ದರೆ 80. ಆ ಚಾರ್ಜರ್ ಇಲ್ಲದೆ ಲಿಥಿಯಂ ಹಾಕಿಸಿಕೊಳ್ಳಬೇಡಿ.