ಡಿ ಅಂಡ್ ಡಿಯಲ್ಲಿ ನೋಮ್ ಆಡಬೇಕು, ಆದರೆ ಟೇಬಲ್‌ನ ಜೋಕರ್ ಆಗಬಾರದು. ಏನು ಮಾಡಲಿ?

ಕತ್ತಲೆಕೋಣೆ_ಕಳ್ಳ:
ಹೊಸ ಕ್ಯಾಂಪೇನ್ (ಕಂತು ಕಂತಾಗಿ ಆಡುವ ಕಥೆ) ಶುರುವಾಗ್ತಿದೆ. ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಆಟ) ಐದನೇ ಆವೃತ್ತಿ, 2014ರ ಪುಸ್ತಕ, ಒಂದನೇ ಲೆವೆಲ್‌ನಿಂದ. ಒಬ್ಬ ಹಾಫ್-ಆರ್ಕ್ ಬಾರ್ಬೇರಿಯನ್ (ರೋಷದ ಯೋಧ), ಒಬ್ಬಳು ಎಲ್ಫ್ ಡ್ರೂಯಿಡ್ (ಪ್ರಕೃತಿಯ ಮಂತ್ರದವಳು), ಒಬ್ಬ ಮನುಷ್ಯ ಕ್ಲೆರಿಕ್ (ದೈವಶಕ್ತಿಯ ಪೂಜಾರಿ) ಆಗಲೇ ಇದ್ದಾರೆ. ನನಗೆ ನೋಮ್, ಅಂದರೆ ಗಿಡ್ಡ ಜಾತಿಯ ಪಾತ್ರ, ಆಡುವ ಆಸೆ ತುಂಬಾ ದಿನದಿಂದ ಇದೆ. ಆದರೆ ಇದುವರೆಗೆ ಬೇರೆಯವರು ಆಡಿದ್ದನ್ನು ನೋಡಿದರೆ ಎಲ್ಲಾ ನೋಮ್‌ಗಳೂ ಒಂದೇ ಅಚ್ಚು: ಕೀರಲು ದನಿ, ಕಂಡ ಲಿವರ್ ಎಲ್ಲಾ ಎಳೆಯೋದು, ಏನೋ ಒಂದು ಸಿಡಿಯೋದು, ಉಳಿದವರು ಓಡೋದು. ಮೊದಲ ದಿನ ನಗು ಬರುತ್ತದೆ, ಆಮೇಲೆ ತಲೆನೋವು. ಜೊತೆಗೆ ನಮ್ಮ ಬಾರ್ಬೇರಿಯನ್ ಈಗಲೇ "ನಿನ್ನನ್ನು ಎತ್ತಿ ಶತ್ರು ಮೇಲೆ ಎಸೀತೀನಿ" ಅಂತ ಶುರು ಮಾಡಿದ್ದಾನೆ.
ನೋಮ್‌ಗಳ ಉಪಜಾತಿಗಳಲ್ಲಿ ರಾಕ್ ನೋಮ್ ತಗೊಳ್ಳಲಾ, ಫಾರೆಸ್ಟ್ ನೋಮ್ ತಗೊಳ್ಳಲಾ? ಕ್ಲಾಸ್ (ಪಾತ್ರದ ಕಸುಬು) ವಿಝರ್ಡ್, ಅಂದರೆ ಮಂತ್ರವಾದಿ, ಬಿಟ್ಟು ಬೇರೆ ಏನಾದರೂ ಹೊಂದುತ್ತದಾ?

ಹಳೇ_ಡಿಎಂ:
ಕ್ಲಾಸ್ ವಿಷಯ ಆಮೇಲೆ ನೋಡೋಣ, ಮೊದಲು ಆ ಲಿವರ್ ವಿಷಯಕ್ಕೆ ಬರ್ತೀನಿ. ನೋಮ್‌ಗೆ ಕುತೂಹಲ ಜಾಸ್ತಿ ಅಂತ ಪುಸ್ತಕ ಹೇಳುತ್ತದೆ, ಜನ ಅದನ್ನು ಓದಿ ಕೈ ಸುಮ್ನಿರಲ್ಲ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಎರಡೂ ಬೇರೆ ಬೇರೆ. ನಿಜವಾಗಿ ಯಂತ್ರದ ಹುಚ್ಚು ಇರುವವನು ಲಿವರ್ ಎಳೆಯಲ್ಲ, ಅದರ ಬುಡಕ್ಕೆ ಕಣ್ಣು ಹಚ್ಚಿ ಕೂರುತ್ತಾನೆ. "ಇದರ ಸರಪಳಿ ಗೋಡೆ ಒಳಗೆ ಯಾವ ಕಡೆ ಹೋಗುತ್ತದೆ? ಹಿಡಿ ಸವೆದಿದೆಯಾ? ಈಚೆಗೆ ಯಾರಾದರೂ ಎಣ್ಣೆ ಹಾಕಿದ ಗುರುತು ಇದೆಯಾ?" ಅಂತ ಡಿಎಂನ (ಆಟ ನಡೆಸುವವನ) ಕೇಳಿ ನೋಡಿ. ನಾನು ಡಿಎಂ ಆಗಿದ್ದಾಗ ಇಂಥ ಪ್ರಶ್ನೆ ಕೇಳಿದ ಆಟಗಾರನಿಗೆ ಏನಾದರೂ ಕೊಡದೆ ಕಳಿಸಿದ್ದೇ ಇಲ್ಲ. ಎಣ್ಣೆ ಹಸಿಯಾಗಿದೆ ಅಂದರೆ ಒಳಗೆ ಯಾರೋ ಇದ್ದಾರೆ ಅಂತಾಯ್ತು, ಇಡೀ ಪಾರ್ಟಿಗೆ (ಪಾತ್ರಗಳ ತಂಡಕ್ಕೆ) ಅದು ಉಪಯೋಗ.
ಕುತೂಹಲವನ್ನು ಎಲ್ಲದರ ಮೇಲೂ ಚೆಲ್ಲಬೇಡಿ. ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಬೀಗಗಳು, ಅಥವಾ ಸುಳ್ಳು ಹೇಳುವವರ ಮುಖ, ಅಥವಾ ಹಳೇ ಗೋರಿಗಳಿಗೆ ಗಾಳಿ ಎಲ್ಲಿಂದ ಬರುತ್ತದೆ ಅನ್ನೋದು. ಅದರಲ್ಲಿ ನಿಮ್ಮ ನೋಮ್ ಪೂರ್ತಿ ಗಂಭೀರ. ನಗು ಬೇಕಾದರೆ ಅದು ತಾನಾಗಿ ಬರುತ್ತದೆ, ಯಾಕಂದರೆ ಸುತ್ತ ಬಾಣ ಹಾರುವಾಗ ಇವನು "ಒಂದು ನಿಮಿಷ, ಈ ಬೀಗ ಕುಬ್ಜರ ಕೆಲಸ ಅಲ್ಲ" ಅಂತಿರುತ್ತಾನೆ. ಕೀರಲು ದನಿ ಬೇಕಾಗಿಲ್ಲ.
ವಯಸ್ಸನ್ನೂ ಮರೀಬೇಡಿ. ನೋಮ್‌ಗಳು 350ರಿಂದ 500 ವರ್ಷದ ತನಕ ಬದುಕುತ್ತಾರೆ. ನೂರು ದಾಟಿದ ನೋಮ್ ಮಾಡಿದರೆ ಬಾರ್ಬೇರಿಯನ್‌ನ ಅಜ್ಜನನ್ನು ನೋಡಿರುತ್ತಾನೆ. ಅಂಥವನನ್ನು ಎತ್ತಿ ಎಸೆಯೋಕೆ ಸ್ವಲ್ಪ ಯೋಚನೆ ಮಾಡ್ತಾರೆ.

ಸೇವ್_ಫೇಲ್:
ನಾನು ಬರೀ ರೂಲ್ಸ್ ಹೇಳ್ತೀನಿ. ನೋಮ್ ತಗೊಳ್ಳೋಕೆ ಇರುವ ದೊಡ್ಡ ಕಾರಣ ನೋಮ್ ಕನ್ನಿಂಗ್. ಮಂತ್ರದ ವಿರುದ್ಧ ಇಂಟೆಲಿಜೆನ್ಸ್, ವಿಸ್ಡಮ್, ಕರಿಸ್ಮಾ ಸೇವ್‌ಗಳಿಗೆಲ್ಲ (ಅಪಾಯ ತಪ್ಪಿಸಿಕೊಳ್ಳೋಕೆ ಉರುಳಿಸುವ ದಾಳ) ಅಡ್ವಾಂಟೇಜ್, ಅಂದರೆ ಎರಡು ಸಲ ಉರುಳಿಸಿ ದೊಡ್ಡದನ್ನು ತಗೊಳ್ಳೋದು. ಹೋಲ್ಡ್ ಪರ್ಸನ್ (ಮೈ ಮರಗಟ್ಟಿಸುವ ಮಂತ್ರ) ಹಾಕಿದಾಗ ಪಾರ್ಟಿಯಲ್ಲಿ ನಿಂತಿರುವವರು ನೀವೊಬ್ಬರೇ ಆಗಿರುವ ಸಾಧ್ಯತೆ ಜಾಸ್ತಿ. (2024ರ ಪುಸ್ತಕದಲ್ಲಿ "ಮಂತ್ರದ ವಿರುದ್ಧ" ಅನ್ನೋ ಷರತ್ತೂ ಹೋಯಿತು, ಒಂದು ಸರದಿಯ ವೇಗವೂ 25 ಅಡಿಯಿಂದ 30ಕ್ಕೆ ಏರಿತು. ನಿಮ್ಮ ಟೇಬಲ್ ಹಳೇದು, ಹಾಗಾಗಿ 25ರಲ್ಲೇ ನಡೀಬೇಕು.)
ರಾಕ್ ನೋಮ್‌ನ ಟಿಂಕರ್ (ಸಣ್ಣ ಯಂತ್ರ ಮಾಡುವ ಕೌಶಲ) ಓದೋಕೆ ಚೆಂದ, ಆಟದಲ್ಲಿ ಸಣ್ಣದು. 10 ಚಿನ್ನದ ನಾಣ್ಯ, ಒಂದು ಗಂಟೆ ಕೆಲಸ, ಸಿಗೋದು ಒಂದು ಎಚ್‌ಪಿ (ಪ್ರಾಣದ ಅಂಕ) ಇರುವ ಆಟಿಕೆ, ಅಥವಾ ಬೆಂಕಿ ಹಚ್ಚುವ ಡಬ್ಬಿ, ಅಥವಾ ಸಂಗೀತದ ಪೆಟ್ಟಿಗೆ. 24 ಗಂಟೆ ಆದಮೇಲೆ ನಿಂತುಹೋಗುತ್ತದೆ, ರಿಪೇರಿಗೆ ಇನ್ನೊಂದು ಗಂಟೆ.
ಫಾರೆಸ್ಟ್ ನೋಮ್‌ಗೆ ಮೈನರ್ ಇಲ್ಯೂಷನ್ (ಮಾಯಾಚಿತ್ರದ ಮಂತ್ರ) ಪುಕ್ಕಟೆ. ನನ್ನ ಓಟು ಇದಕ್ಕೇ. ಐದು ಅಡಿ ಘನದೊಳಗೆ ಹಿಡಿಸುವ ಯಾವುದೇ ವಸ್ತುವಿನ ಚಿತ್ರ, ಒಂದು ನಿಮಿಷ ಇರುತ್ತದೆ. ನಿಮ್ಮ ಎತ್ತರ ಮೂರೂವರೆ ಅಡಿ ಅಲ್ವಾ? ಕಾವಲುಗಾರ ತಿರುಗುವ ಮೊದಲು ಒಂದು ಮರದ ಪೆಟ್ಟಿಗೆ ಮಾಡಿ ಅದರೊಳಗೆ ನಿಂತುಬಿಡಿ. ಆರಡಿಯ ಬಾರ್ಬೇರಿಯನ್ ಮೈ ಮಡಚಿಕೊಂಡು ಕೂರಬೇಕಾದ ಜಾಗದಲ್ಲಿ ನೀವು ಆರಾಮಾಗಿ ಬಿಲ್ಲು ಹಿಡಿದು ನಿಲ್ಲಬಹುದು.
ಕ್ಲಾಸ್: ರೋಗ್ (ಅಡಗಿ ಕೆಲಸ ಮಾಡುವ ಕಳ್ಳ), ಮೂರನೇ ಲೆವೆಲ್‌ಗೆ ಆರ್ಕೇನ್ ಟ್ರಿಕ್‌ಸ್ಟರ್ (ಮಂತ್ರ ಬಲ್ಲ ರೋಗ್). ಡೆಕ್ಸ್ (ಡೆಕ್ಸ್‌ಟೆರಿಟಿ, ಚುರುಕುತನ) ಮತ್ತು ಇಂಟೆಲಿಜೆನ್ಸ್ ಎರಡೂ ಬೇಕು, ಫಾರೆಸ್ಟ್ ನೋಮ್ ಎರಡನ್ನೂ ಕೊಡುತ್ತದೆ. ದೊಡ್ಡ ಕೊಡಲಿ, ಲಾಂಗ್‌ಬೋ ಕಡೆ ಹೋಗಬೇಡಿ. ಪುಸ್ತಕದಲ್ಲಿ ಹೆವಿ ಅಂತ ಗುರುತಿಸಿದ ಆಯುಧ ಹಿಡಿದರೆ ನೋಮ್‌ನಂಥ ಸ್ಮಾಲ್ ಗಾತ್ರದವರಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಚಿಕ್ಕದನ್ನು ತಗೊಳ್ಳೋದು).

ನಾಯಿಸವಾರ:
ಎಲ್ಲರೂ ಮೂಲೆಯಲ್ಲಿ ಅಡಗೋ ನೋಮ್ ಬಗ್ಗೆಯೇ ಹೇಳ್ತಿದ್ದೀರಿ. ಗಿಡ್ಡಗಿರೋದೇ ಒಂದು ಶಕ್ತಿ ಸ್ವಾಮಿ! ನಿಮಗಿಂತ ಒಂದು ಗಾತ್ರ ದೊಡ್ಡದಾದರೆ ಸಾಕು, ಒಪ್ಪುವ ಪ್ರಾಣಿಯ ಮೇಲೆ ಸವಾರಿ ಮಾಡಬಹುದು. ಅಂದರೆ ಮ್ಯಾಸ್ಟಿಫ್ ನಾಯಿ ನಡೆಯುತ್ತದೆ. ಕುದುರೆ ಇರುಕಿಕೊಂಡು ಹೋಗಬೇಕಾದ ಐದು ಅಡಿ ಅಗಲದ ಸುರಂಗದಲ್ಲಿ ನಾಯಿ ಸಲೀಸಾಗಿ ಓಡುತ್ತದೆ, 40 ಅಡಿ ವೇಗ, ನಿಮ್ಮ 25ರ ಗೋಳೂ ತಪ್ಪಿತು. 2014ರ ಪುಸ್ತಕದಲ್ಲಿ ಲ್ಯಾನ್ಸ್‌ಗೆ (ಸವಾರರ ಉದ್ದ ಈಟಿ) ಹೆವಿ ಅಂತ ಇಲ್ಲ, ಸವಾರಿಯಲ್ಲಿದ್ದಾಗ ಒಂದೇ ಕೈ ಸಾಕು. ನಾನು ಪ್ಯಾಲಡಿನ್ (ಧರ್ಮಯೋಧ) ನೋಮ್ ಆಡ್ತಿದ್ದೀನಿ, ಯಾರೂ ನಗಲ್ಲ. ನಿಮ್ಮ ಡ್ರೂಯಿಡ್ ಎರಡನೇ ಲೆವೆಲ್‌ಗೆ ತೋಳ ಆಗಬಹುದು, ಒಪ್ಪಿದರೆ ಅವಳ ಬೆನ್ನೇರಿ. ಒಪ್ಪಿದರೆ ಮಾತ್ರ!
ಎಸೆಯೋ ವಿಷಯಕ್ಕೂ ಅದೇ ಮಾತು. ಪಾತ್ರದ ಬಾಯಲ್ಲಿ ಜಗಳ ಆಡಬೇಡಿ, ಆಟಕ್ಕೆ ಮೊದಲೇ ಆಟಗಾರನಿಗೆ ನೇರವಾಗಿ ಹೇಳಿ: ಎತ್ತೋಕೆ ಮುಂಚೆ ನನ್ನನ್ನು ಕೇಳು. ಹೇಳಿದಮೇಲೂ ಕೇಳದಿದ್ದರೆ ಅದು ನೋಮ್‌ನ ಸಮಸ್ಯೆ ಅಲ್ಲ.
ಹೆಸರಿನದೂ ಒಂದು ಮಜಾ ಇದೆ. ನೋಮ್‌ಗೆ ಅಮ್ಮ, ಅಪ್ಪ, ಕುಲದ ಹಿರಿಯ, ಸೋದರತ್ತೆ, ಸೋದರಮಾವ ಎಲ್ಲರೂ ಒಂದೊಂದು ಹೆಸರಿಡುತ್ತಾರೆ. ಪಾರ್ಟಿಯ ಒಬ್ಬೊಬ್ಬರಿಗೂ ಒಂದೊಂದು ಹೆಸರು ಹೇಳಿ. ಯಾವುದೂ ಸುಳ್ಳಲ್ಲ. ನಿಮ್ಮ ನೋಮ್ ಯಾರನ್ನು ನಂಬಿದ್ದಾನೆ ಅಂತ ಅವರಿಗೆ ನಿಧಾನವಾಗಿ ಗೊತ್ತಾಗುತ್ತದೆ.

ಕತ್ತಲೆಕೋಣೆ_ಕಳ್ಳ:
ಹೆಸರಿನದು ಕದ್ದೆ. ಫಾರೆಸ್ಟ್ ನೋಮ್ ರೋಗ್ ಅಂತ ತೀರ್ಮಾನ ಆಯಿತು, 110 ವರ್ಷ, ಬೀಗಗಳ ಹುಚ್ಚು. ಬಾರ್ಬೇರಿಯನ್‌ಗೂ ಮೆಸೇಜ್ ಹಾಕಿದೆ, "ಸರಿ, ಕೇಳ್ತೀನಿ" ಅಂದ. ಒಂದು ಅನುಮಾನ: ಆ ಪೆಟ್ಟಿಗೆ ಒಳಗಿದ್ದುಕೊಂಡೇ ಮೆಲ್ಲಗೆ ಮುಂದೆ ನಡೆಯಬಹುದಾ?

ಸೇವ್_ಫೇಲ್:
ಇಲ್ಲ, ಇಟ್ಟಲ್ಲೇ ಇರುತ್ತದೆ. ಇನ್ನೊಂದು ಸಲ ಮಂತ್ರ ಹಾಕಿದರೆ ಮೊದಲನೇದು ಮಾಯ. ಯಾರಾದರೂ ಮುಟ್ಟಿದರೆ ಕೈ ಒಳಗೆ ಹೋಗುತ್ತದೆ, ಅಲ್ಲಿಗೆ ಗುಟ್ಟು ರಟ್ಟು. ಒಳಗಿನಿಂದ ನಿಮಗೆ ಹೊರಗಡೆ ಕಾಣುತ್ತದಾ ಅಂತ ಡಿಎಂನ ಮೊದಲೇ ಕೇಳಿಟ್ಟುಕೊಳ್ಳಿ, ಇದರ ಮೇಲೆ ಟೇಬಲ್‌ನಲ್ಲಿ ಜಗಳ ಗ್ಯಾರಂಟಿ.